ಪೊರಕೆ ಅಳಿಸಿದ ಸಿನಿಮಾ

"ನನ್ನ ಕಂಪ್ಯೂಟರ್ ಮುಟ್ಟಿದ್ದು ಯಾರು?"

ಅವಳ ದನಿ ಏರಿರಲಿಲ್ಲ. ಆ ಏರದ ದನಿಯೇ ಕೋಣೆಯ ಕೀಲಿಮಣೆಗಳನ್ನೆಲ್ಲ ಒಮ್ಮೆಲೇ ನಿಲ್ಲಿಸಿತು.

ಕಿಟಕಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ತಂತಿ ಸುತ್ತುತ್ತಿದ್ದವನು ಎದ್ದು ನಿಂತ. ವಾರಕ್ಕೊಮ್ಮೆ ಬಂದು ಎಲ್ಲರ ಕಂಪ್ಯೂಟರುಗಳ ಕಸ ಗುಡಿಸಿ ಹೋಗುವ ತಂತ್ರಜ್ಞ ಅವನು. ಆಫೀಸಿನವರು ಸಲಿಗೆಯಿಂದ ಇಟ್ಟ ಹೆಸರು ಪೊರಕೆ. ಅವನೊಡನೆ ಅವಳು ಇದುವರೆಗೆ ಒಂದು ಮಾತನ್ನೂ ಆಡಿದವಳಲ್ಲ.

"ನಾನೇ. ಬ್ರೌಸರ್ ನಿಧಾನ ಇತ್ತು. ಟೆಂಪರರಿ ಫೈಲುಗಳನ್ನ ತೆಗೆದೆ."

"ಅದರಲ್ಲಿ ನನ್ನ ಸಿನಿಮಾ ಇತ್ತು."

ಅವನ ಮುಖದ ಬಣ್ಣ ಇಳಿಯಿತು.

ಅವಳದು ಕಿವಿ ಕೇಳದವರಿಗಾಗಿ ಸಬ್‌ಟೈಟಲ್ ಬರೆಯುವ ಕೆಲಸ. ಮಾತನ್ನಷ್ಟೇ ಅಲ್ಲ, ಬಾಗಿಲ ಕಿರುಗುಟ್ಟನ್ನೂ ಯಾರೋ ನುಂಗಿಕೊಂಡ ಬಿಕ್ಕನ್ನೂ ಅಕ್ಷರಕ್ಕೆ ಇಳಿಸಬೇಕು. ಬರೆಯುವುದು ಇಂಟರ್ನೆಟ್ಟಿನ ಒಂದು ಪುಟದಲ್ಲಿ. 'ಕಳಿಸು' ಎಂಬುದನ್ನು ಒತ್ತುವ ತನಕ ಬರೆದ ಸಾಲುಗಳು ಆ ಕಂಪ್ಯೂಟರಿನ ತಾತ್ಕಾಲಿಕ ಫೈಲುಗಳಲ್ಲಿ ಮಾತ್ರ ಉಳಿದಿರುತ್ತವೆ. ಉಳಿದವರು ಅಂದಂದಿನ ಕೆಲಸವನ್ನು ಅಂದಂದೇ ಕಳಿಸಿಬಿಡುತ್ತಿದ್ದರು. ಅರೆಬೆಂದದ್ದನ್ನು ಬಡಿಸಬಾರದೆಂಬ ಹಟ ಇವಳದು. ಕೊನೆಯ ಸಾಲನ್ನೂ ತಿದ್ದಿದ ಮೇಲೆಯೇ ಇಡೀ ಚಿತ್ರವನ್ನು ಕಳಿಸುವಳು.

ಇದು ಅವಳ ಕೈಗೆ ಬಂದ ಮೊದಲ ಪೂರ್ಣ ಚಿತ್ರ. ಸೋಮವಾರ ಅದರ ಪ್ರದರ್ಶನ, ಅವಳ ತಮ್ಮ ಪಾಠ ಹೇಳುವ ಶಾಲೆಯಲ್ಲಿ. ಅಲ್ಲಿನ ಮಕ್ಕಳಂತೆ ತಮ್ಮನಿಗೂ ಕಿವಿ ಕೇಳದು. ಅಕ್ಕ ಬರೆದ ಸಿನಿಮಾ ಬರುತ್ತದೆಂದು ಅವನು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದ.

ಇಂದು ಶುಕ್ರವಾರ.

"ವಾಪಸ್ ತರೋಕೆ ಆಗುತ್ತಾ?"

"ಇಲ್ಲ. ಸುಳ್ಳು ಆಸೆ ಕೊಡಲ್ಲ."

"ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ? ಯಾರದೋ ಮನೆಗೆ ನುಗ್ಗಿ, ಪಾತ್ರೆ ಪಗಡೆ ಎಲ್ಲಾ ಬೀದಿಗೆಸೆದು, 'ಮನೆ ಎಷ್ಟು ಸ್ವಚ್ಛ ಆಯ್ತು ನೋಡಿ' ಅಂತ ನಿಂತ ಹಾಗಿದೆ ಇದು."

ಅವನ ಕಣ್ಣು ಅವಳ ಹೆಡ್‌ಫೋನಿನ ಮೇಲೆ ಹೋಗಿ ಬಂತು. "ತಪ್ಪಾಯ್ತು..." ಎಂದಷ್ಟೇ ಅಂದ.

ಮಾತು ಕೇಳಿ ಮೇಡಂ ಒಳಕೋಣೆಯಿಂದ ಬಂದರು. ಸಂಸ್ಥೆ ಅವರದೇ. "ಯಾರ ತಪ್ಪು?"

"ನಂದೇ ಮೇಡಂ. ಕೇಳದೆ ಅಳಿಸಿದೆ."

"ಹಾಗಿದ್ರೆ ಮುಂದಿನ ವಾರದಿಂದ ನೀವು ಬರೋದು ಬೇಡ." ಅವರು ಅವಳ ಕಡೆ ತಿರುಗಿದರು. "ಭಾನುವಾರ ಸಂಜೆಯೊಳಗೆ ನಿಮ್ಮದು ಬರಲಿಲ್ಲ ಅಂದ್ರೆ, ಸಿನಿಮಾ ಜೊತೆಗೇ ಬಂದಿದ್ದ, ಬರೀ ಮಾತು ಇರೋ ಆ ಹಳೇ ಸಬ್‌ಟೈಟಲನ್ನೇ ಹಾಕಿ ಕಳಿಸ್ತೀನಿ. ಮುಂದಿನ ಸಿನಿಮಾ ಬೇರೆಯವರಿಗೆ."

ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ. ಹೋಗಲಿ... ಅನುಭವಿಸಲಿ! ಅವಳು ಖಾಲಿ ಪುಟದೆದುರು ಕುಳಿತಳು. ಅಷ್ಟು ಬೆಳ್ಳಗಿನ ಕ್ರೌರ್ಯವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಅವನು ಕೇಳಿದ್ದ ಕಣೇ," ಎಂದಳು ಪಕ್ಕದ ಮೇಜಿನ ಅಕ್ಕ, ಇದ್ದಕ್ಕಿದ್ದಂತೆ.

"ಏನನ್ನ?"

"'ಎಲ್ಲಾ ಅಳಿಸಲಾ, ಏನಾದ್ರೂ ಉಳಿಸ್ಕೋಬೇಕಾ' ಅಂತ. ಎರಡು ಸಲ. ನೀನು ಹೆಡ್‌ಫೋನ್ ಹಾಕ್ಕೊಂಡು, ಮೊಬೈಲಲ್ಲಿ ಅದೇ ಸಿನಿಮಾ ಕೇಳ್ತಾ, ಹೂಂ ಹೂಂ ಅಂತ ತಲೆ ಆಡಿಸಿ ಎದ್ದು ಹೋದೆ."

"ಮೇಡಂ ಮುಂದೆ ನೀವ್ಯಾಕೆ ಬಾಯಿ ಬಿಡಲಿಲ್ಲ ಅಕ್ಕಾ?"

"ಬೇಡ ಅಂತ ಅವನೇ ಕಣ್ಸನ್ನೆ ಮಾಡಿದ. ನಾನೇನು ಮಾಡ್ಲಿ?"

ಚಿತ್ರದೊಳಗಿನ ಪ್ರತಿ ನಿಟ್ಟುಸಿರನ್ನೂ ಆಲಿಸಿದವಳು, ಮಗ್ಗುಲಲ್ಲೇ ನಿಂತ ಮನುಷ್ಯನಿಗೆ ಕಿವುಡಾಗಿದ್ದಳು. ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಅದನ್ನು ಹಿಂದಿಕ್ಕಿ ಕೋಪವೇ ಮೊದಲು ಮೆಟ್ಟಿಲಿಳಿಯಿತು.

ಅವನಿನ್ನೂ ಗೇಟಿನ ಬಳಿ ಬೈಕಿಗೆ ಚೀಲ ಕಟ್ಟುತ್ತಿದ್ದ.

"ನಿಲ್ಲಿ. ನೀವು ಕೇಳಿದ್ರಂತೆ. ನಾನು ಹೂಂ ಅಂದೆನಂತೆ."

ಅವನು ಚೀಲದ ಹಗ್ಗವನ್ನು ಇನ್ನಷ್ಟು ಬಿಗಿದ.

"ಮತ್ತೆ ಯಾಕ್ರೀ ಈ ದೊಡ್ಡಸ್ತಿಕೆ?"

"ನನಗೆ ಇನ್ನೂ ನಾಲ್ಕಾರು ಆಫೀಸಿದೆ. ನಿಮಗೆ ಇದೊಂದೇ."

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು? ನನ್ನ ತಪ್ಪು ನನಗೆ ಬೇಕು. ಕೊಡಿ ಇಲ್ಲಿ."

"ಪೂರ್ತಿ ನಿಮ್ಮದಲ್ಲ..." ಅವನು ಹಗ್ಗದ ಗಂಟನ್ನೇ ನೋಡುತ್ತ ಹೇಳಿದ. "ನಿಮ್ಮ ಕಂಪ್ಯೂಟರ್ ಚೆನ್ನಾಗೇ ಇತ್ತು. ಅಳಿಸೋ ಅಗತ್ಯನೇ ಇರಲಿಲ್ಲ."

"ಏನಂದ್ರಿ?"

"ಹೋದ ವಾರ ನಿಮ್ಮ ಕೀಬೋರ್ಡ್ ಧೂಳು ಒರೆಸಿದೆ. ಅದಕ್ಕೂ ಮುಂಚಿನ ವಾರ ಸರಿಯಾಗಿದ್ದ ತಂತೀನೇ ಬದಲಾಯಿಸಿದೆ. ಈ ವಾರ ಮಾಡೋಕೆ ಏನೂ ಉಳಿದಿರಲಿಲ್ಲ. ನಿಮ್ಮ ಮೇಜಿನ ಹತ್ತಿರ ನಿಲ್ಲೋಕೆ ಬೇರೆ ನೆಪ ಸಿಗಲಿಲ್ಲ."

ಬೀದಿಯ ಸದ್ದೆಲ್ಲ ಒಮ್ಮೆ ದೂರ ಸರಿದಂತಾಯಿತು. ಆಮೇಲೆ ಅವಳ ಕೋಪ ಇಮ್ಮಡಿಯಾಗಿ ಮರಳಿತು.

"ಬಾಯಿಲ್ವಾ ನಿಮಗೆ? 'ಚೆನ್ನಾಗಿದ್ದೀರಾ' ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ! ಅದಕ್ಕೋಸ್ಕರ ಒಂದು ಸಿನಿಮಾನೇ ಅಳಿಸಬೇಕಿತ್ತಾ?"

"ಕೇಳಿದ್ದೆ. ಹೋದ ತಿಂಗಳು. ಅದಕ್ಕೂ ಹೂಂ ಅಂದು ಎದ್ದು ಹೋದ್ರಿ."

ನಗು ನುಗ್ಗಿ ಬಂತು. ಈಗ ನಕ್ಕರೆ ಕೋಪಕ್ಕೆ ದ್ರೋಹವೆಂದು ತುಟಿ ಕಚ್ಚಿ ತಡೆದಳು.

"ನಡೀರಿ ಮೇಲೆ, ಮೇಡಂ ಹತ್ರ," ಎಂದಳು.

ಮೇಡಂ ಎದುರು ಅವಳೇ ಎಲ್ಲವನ್ನೂ ಹೇಳಿದಳು: ತಾನು ಕೇಳಿಸಿಕೊಳ್ಳದೆ ತಲೆಯಾಡಿಸಿದ್ದು, ದಿನದಿನವೂ ಕಳಿಸದೆ ಕೂಡಿಟ್ಟದ್ದು. ಅವನ ನೆಪದ ವಿಷಯವೊಂದನ್ನು ಮಾತ್ರ ತನಗೇ ಇಟ್ಟುಕೊಂಡಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

"ನಿಮ್ಮ ನ್ಯಾಯ ಪಂಚಾಯ್ತಿ ಆಮೇಲೆ," ಎಂದರು ಮೇಡಂ. "ಈಗ ಬರೆಯೋರು ಯಾರು?"

"ನಾನು ಹೇಳ್ತೀನಿ. ಇವರು ಟೈಪ್ ಮಾಡ್ತಾರೆ."

ಅವನನ್ನು ಯಾರೂ ಕೇಳಲಿಲ್ಲ. ಅವನೂ ಬೇಡವೆನ್ನಲಿಲ್ಲ.

ಶನಿವಾರ, ಭಾನುವಾರ, ಖಾಲಿ ಆಫೀಸಿನಲ್ಲಿ ಆ ಚಿತ್ರ ಮತ್ತೆ ಮತ್ತೆ ಓಡಿತು. ಅವಳು ಸಿಡುಕುತ್ತ ಹೇಳಿದಳು. ಅವನು ಬೈಗುಳದ ನಡುವೆ ಸಾಲುಗಳನ್ನು ಹೆಕ್ಕಿ ಬರೆದ. ಪ್ರತಿ ದೃಶ್ಯ ಮುಗಿದಾಗಲೂ "ಕಳಿಸಲಾ?" ಎಂದು ಜೋರಾಗಿ ಕೇಳಿದ. "ಕಿವಿ ಇದೆ ನನಗೆ. ಕಳಿಸಿ," ಎಂದಳು ಅವಳು.

ಕೊನೆಯ ದೃಶ್ಯದಲ್ಲಿ ನಾಯಕಿ ಮುಚ್ಚಿದ ಬಾಗಿಲೆದುರು ಸುಮ್ಮನೆ ನಿಂತಿರುತ್ತಾಳೆ.

"ಇಲ್ಲಿ 'ಮೌನ' ಅಂತ ಹಾಕಿ. ಮೊದಲೂ ಹಾಗೇ ಬರೆದಿದ್ದೆ."

"ಯಾವ ಮೌನ?" ಅವನು ಬೆರಳುಗಳನ್ನು ತಡೆದ. "ಉಸಿರು ಹಿಡ್ಕೊಂಡಿದ್ದಾಳೆ, ಕೇಳಿ. ಸಿಟ್ಟಲ್ಲ ಅದು. ಯಾರಾದ್ರೂ ಬಾಗಿಲು ತೆಗೀತಾರಾ ಅಂತ ಕಾಯ್ತಿದ್ದಾಳೆ."

ಅವಳು ಮತ್ತೆ ಕೇಳಿದಳು. ಹೌದು... ಇತ್ತು. ಎಷ್ಟೋ ಸಲ ಕೇಳಿಯೂ ಅವಳಿಗೆ ದಕ್ಕದ ಒಂದು ಹಿಡಿ ಉಸಿರು.

"ಬರೀರಿ," ಎಂದಳು ಮೆಲ್ಲಗೆ. "'ಉಸಿರು ಬಿಗಿಹಿಡಿದು ಕಾಯುತ್ತಾಳೆ.'"

ಆ ಸಾಲನ್ನೂ ಕಳಿಸಿದಾಗ ಭಾನುವಾರದ ಬಿಸಿಲಿನ್ನೂ ಮೇಜಿನ ಮೇಲಿತ್ತು. ಚಿತ್ರ ತಲುಪಿತೆಂದೂ, ಮುಂದಿನ ಚಿತ್ರವೂ ಅವಳದೇ ಎಂದೂ ಮೇಡಂ ಸಂದೇಶ ಕಳಿಸಿದರು. ತಂತ್ರಜ್ಞರು ಎಂದಿನಂತೆ ಬರಬಹುದೆಂದು ಕೊನೆಯಲ್ಲಿ ಸೇರಿಸಿದ್ದರು.

ಅವನು ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿ ನಿಂತ.

"ಇನ್ನೂ ಕೋಪ ಇದೆಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

ಅವಳು ಪರದೆಯಿಂದ ಕಣ್ಣೆತ್ತಿ ಅವನನ್ನೇ ನೋಡಿದಳು. "ನೀವು ಎದುರಿಗೆ ಇರೋ ತನಕ."

ಅವನು ಹಿಂತಿರುಗಿ ಬಂದ. ಚೀಲವನ್ನು ಕೆಳಗಿಟ್ಟು, ಕುರ್ಚಿಯೊಂದನ್ನು ಎಳೆದು, ಅವಳೆದುರೇ ಕುಳಿತ.

"ಹಾಗಾದ್ರೆ ಇರಲಿ ಬಿಡಿ," ಎಂದ. "ನಾನೆಲ್ಲಿಗೂ ಹೋಗಲ್ಲ."