ಹೆಸ್ಟರ್ ಒಬ್ಬಳೇ ಬಿಚ್ಚಿದ ಹಗ್ಗ

"ಬ್ರೇಕ್ ಮೇಲಿಂದ ಕಾಲು ತೆಗೀಬೇಡ, ಹೆಸ್ಟರ್!"

ವಿಲ್ಫ್‌ನ ದನಿ ಕೇಳಿದ್ದೇ ಅವಳು ತಿರುಗಿ ನೋಡಿದಳು. ಪಕ್ಕದ ಮನೆಯವನು, ಮೂರು ವಾರದ ಹಿಂದಿನವರೆಗೂ ಅವಳ ಜೀವವೇ ಆಗಿದ್ದವನು, ಈಗ ಅವಳು ಮಾತು ಬಿಟ್ಟಿದ್ದವನು... ಹಿಮಗಟ್ಟಿದ ಬೀದಿಯಲ್ಲಿ ಎದ್ದುಬಿದ್ದು ಓಡಿ ಬರುತ್ತಿದ್ದ.

ಕಾರು ಆಗಲೇ ಎರಡು ಗಜ ಹಿಂದಕ್ಕೆ ಜಾರಿತ್ತು.

ಟೋಟರ್‌ಡೌನ್ ಗುಡ್ಡದ ಈ ಕಡಿದಾದ ಬೀದಿಯಲ್ಲಿ ಚಳಿಗಾಲ ಬಂತೆಂದರೆ ಕಾರುಗಳನ್ನು ದನಗಳ ಹಾಗೆ ದೀಪದ ಕಂಬಕ್ಕೆ ಕಟ್ಟುತ್ತಾರೆ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿದ ಮೇಲೆಯೇ ಇನ್ನೊಬ್ಬರು ಹಗ್ಗ ಬಿಚ್ಚಬೇಕು. ಅವಳಿಗೆ ಯಾವತ್ತೂ ಬಿಚ್ಚಿಕೊಡುತ್ತಿದ್ದವನು ವಿಲ್ಫ್. ಇವತ್ತು ಅವನನ್ನು ಕರೆಯಲು ಹಾಳು ಅಭಿಮಾನ ಅಡ್ಡ ಬಂತು. ತಾನೇ ಬಿಚ್ಚಿ ಬಂದು ಕೂತಳು.

ಹ್ಯಾಂಡ್‌ಬ್ರೇಕ್ ಕೈಕೊಟ್ಟಿತು. ಈಗ ಅವಳ ಬಲಗಾಲೊಂದೇ ಕಾರನ್ನು ಹಿಡಿದಿತ್ತು. ಆ ಕಾಲು ಗಡಗಡ ನಡುಗುತ್ತಿತ್ತು.

ಚಕ್ರಕ್ಕೆ ಅಡ್ಡ ಕೊಡಲು ವಿಲ್ಫ್ ಇಟ್ಟಿಗೆ ಹಿಡಿದು ಕಾರಿನ ಹಿಂದೆಯೇ, ಇಳಿಜಾರಿನ ಕೆಳಗೆ ಮಂಡಿಯೂರಿದ.

"ಅಲ್ಲಿ ಕೂರಬೇಡ ಕಣೋ. ನನ್ನ ಕಾಲು ನಿಲ್ತಿಲ್ಲ..."

"ನಿಲ್ಲುತ್ತೆ. ಮಾತಾಡ್ತಾ ಇರು. ಎಲ್ಲಿಗೆ ಹೊರಟಿದ್ದೆ?"

"ಅಕ್ಕನ ಮನೆಗೆ. ವಾಪಸ್ ಬರಲ್ಲ. ನೀನು ಮನೆ ಮಾರ್ತಿದ್ದೀಯಲ್ಲ."

ದೊಡ್ಡ ರಸ್ತೆ ಬರುತ್ತದೆಂದು ಅರ್ಧ ಗುಡ್ಡದ ಮನೆಗಳು ಆಗಲೇ ನೆಲಸಮವಾಗಿದ್ದವು; ರಸ್ತೆ ಮಾತ್ರ ಬಂದಿರಲಿಲ್ಲ. ಏನೇ ಆದರೂ ತಮ್ಮ ಮನೆಗಳನ್ನು ಮಾರುವುದಿಲ್ಲವೆಂದು ಇವರಿಬ್ಬರೂ ಮಾತು ಕೊಟ್ಟುಕೊಂಡಿದ್ದರು.

"ರಸ್ತೆಗೆ ಮನೆ ಅಳೆಯೋಕೆ ಬಂದವನ ಜೊತೆ ನೀನು ನಗ್ತಾ ಟೀ ಕುಡೀತಿದ್ದೆ. ನಾನೇ ಕಿಟಕೀಲಿ ನೋಡಿದೆ."

"ಕುಡಿದವನು ಅವನು. ಮಾರಲ್ಲ ಅನ್ನೋದನ್ನ ಅವನ ತಲೆಗೆ ತುಂಬೋಕೆ ಮೂರು ಕಪ್ ಬೇಕಾಯ್ತು. ಹೇಳೋಣ ಅಂತ ಬಂದ್ರೆ ನೀನು ಬಾಗಿಲೇ ತೆಗೀಲಿಲ್ಲ."

ಅಯ್ಯೋ... ನಾನೆಂಥ ಮೂರ್ಖಳು! ಅವಳ ಕಣ್ಣು ಮಂಜಾಯಿತು. ಕನ್ನಡಿಯಲ್ಲಿ ನೋಡಿದರೆ ಅವನ ತಲೆ ಕಾಣಲಿಲ್ಲ.

"ವಿಲ್ಫ್?... ವಿಲ್ಫ್!"

ಅವಳು ಬ್ರೇಕನ್ನು ಇನ್ನೂ ಬಲವಾಗಿ ಒತ್ತಿದಳು. ದೇವರೇ, ಈ ಕಾಲು ಇನ್ನೊಂದು ಕ್ಷಣ ಗಟ್ಟಿ ನಿಲ್ಲಲಿ...

ಅವನು ಕಾರಿನ ಮುಂದೆ ಎದ್ದು ನಿಂತ. ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹಗ್ಗವನ್ನು ಮತ್ತೆ ಕಂಬಕ್ಕೆ ಬಿಗಿದಿದ್ದ.

"ಆಯ್ತು. ಈಗ ಕಾಲು ತೆಗಿ."

"ಆಗ್ತಿಲ್ಲ..."

ಅವನು ಬಾಗಿಲು ತೆಗೆದು ಅವಳ ಕೈ ಹಿಡಿದ.

"ನೀನು ಕೆಳಗೆ ಕೂತಾಗ ಪ್ರಾಣವೇ ಹೋಯ್ತು. ನಿನ್ನ ಬಿಟ್ಟು ಇರೋಕೆ ನನ್ನಿಂದ ಆಗಲ್ಲ, ವಿಲ್ಫ್."

"ಹಾಗಾದ್ರೆ ನನ್ನನ್ನ ಮದುವೆ ಆಗು."

"ನಿನ್ನ ಮನೆ ಕೆಡವಿಬಿಟ್ರೆ?"

"ನಿನ್ನ ಮನೆಗೆ ಬರ್ತೀನಿ."

"ನನ್ನದನ್ನೂ ಕೆಡವಿದ್ರೆ?"

"ಕಾರಿದೆಯಲ್ಲ. ಗಟ್ಟಿಯಾಗಿ ಕಟ್ಟಿದ್ದೀನಿ."

ಅಳುತ್ತಲೇ ಅವಳಿಗೆ ನಗು ಬಂತು. ಕಾಲು ತಾನಾಗಿಯೇ ಬ್ರೇಕ್ ಬಿಟ್ಟಿತು.

"ಆಗ್ತೀನಿ ಕಣೋ," ಎಂದಳು.