ಕಲಾಯಿ ಹಾಕಿಸಿದ ಪಾತ್ರೆ

ಬಾರ್ಕೂರಿನ ಹತ್ತಿರದ ಆ ಶಾಲೆಗೆ ಆಹಾರ ಸುರಕ್ಷತಾ ಅಧಿಕಾರಿ ಸುಜನ್ ಬಂದದ್ದು ಬಿಸಿಯೂಟದಲ್ಲಿ ವಿಷದ ಅಂಶವೇನಾದರೂ ಇದೆಯೇ ಎಂದು ತಪಾಸಣೆ ಮಾಡಲು. ಅವನು ಬಾಟಲಿ ಒಡ್ಡಿದ ಕೂಡಲೇ ಅಡುಗೆಯ ಅಕ್ಷಯಾ ಸೌಟು ಹಿಂದಕ್ಕೆಳೆದಳು.

“ಹ್ವಾಯ್, ಮಕ್ಕಳ್ ಉಂಬುಕ್ ಮುಂಚೆ ಪಾರ್ಸೆಲ್ಲಾ?”

“ಲ್ಯಾಬಿಗೆ ಮಾರಾಯ್ರೆ. ಎಂತ ಬೆರ್ಕಿ ಇತ್ತ್ ಕಾಂಬುಕೆ.”

“ನಾನ್ ಮಾಡಿದ್ ಸಾಂಬಾರಗಾ?” ಅವಳು ಹುಬ್ಬೇರಿಸಿದಳು. ಒಲೆಯ ಬಿಸಿಗೆ ಕೆಂಪಾದ ಆ ಮುಖವನ್ನು ಸುಜನ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಬಾಟಲಿಯ ಮೇಲೆ ತಾರೀಕು ಬರೆಯುವುದೇ ಮರೆತುಹೋಯಿತು. ನೆನಪಿಸಿದ್ದೂ ಅವಳೇ.

ವರದಿ ಬರುವ ಮೊದಲೇ ಇಬ್ಬರ ಫೋನಿಗೂ ಪುರುಸೊತ್ತಿಲ್ಲದಾಯಿತು. ಒಂದು ಭಾನುವಾರ ಕೋಡಿ ಕಡಲತೀರದಲ್ಲಿ, ಅಮ್ಮನನ್ನು ಕರೆದುಕೊಂಡು ಮನೆಗೆ ಬರುತ್ತೇನೆಂದು ಸುಜನ್ ಹೇಳಿದ. ಅವಳು ಅವನತ್ತ ನೋಡದೆ ಚಪ್ಪಲಿಯ ಮರಳು ಕೊಡವಿದಳು. ನಗುವನ್ನು ಮಾತ್ರ ಬಚ್ಚಿಡಲಾಗಲಿಲ್ಲ.

ವರದಿ ಬಂತು. ಸಾಂಬಾರಿನಲ್ಲಿ ಸೀಸವಿತ್ತು.

ನೀರು, ಬೇಳೆ, ಪುಡಿ ಎಲ್ಲ ನೋಡಿಯಾದ ಮೇಲೆ ಉಳಿದದ್ದು ಪಾತ್ರೆ. ಶಾಲೆಯದು ತೂತಾದಾಗ, ಹೊಸದು ಬರುವವರೆಗೆ ಇರಲಿ ಎಂದು ಅಕ್ಷಯಾ ಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ತಂದಿದ್ದಳು. ಕಲಾಯಿಯವನು ತವರಕ್ಕೆ ಸೀಸ ಬೆರೆಸಿದ್ದ. ಹುಣಸೆಹುಳಿಯ ಸಾಂಬಾರು ಎಂಟು ತಿಂಗಳು ಅದರಲ್ಲೇ ಕುದಿದಿತ್ತು. ಸುಜನ್ ವರದಿಗೆ ಸಹಿ ಹಾಕಿದ. ಬೇರೆ ದಾರಿ ಇರಲಿಲ್ಲ, ಇದ್ದರೂ ಹಿಡಿಯುವ ಮನುಷ್ಯ ಅವನಲ್ಲ.

ಹನ್ನೊಂದು ಮಕ್ಕಳ ರಕ್ತದಲ್ಲಿ ಸೀಸ ಕಂಡಿತು. ಅಕ್ಷಯಾ ಅಂದೇ ಕೆಲಸ ಬಿಟ್ಟಳು. ವಾರ ಕಳೆದು ಸುಜನ್ ಅವಳ ಮನೆಯ ಜಗಲಿಗೆ ಬಂದ.

“ಅಮ್ಮನ್ನ ಕರ್ಕಂಡ್ ಬತ್ತೆ ಅಂದಿದ್ದೆ. ಈಗ್ಳೂ ಅದೇ ಮಾತ್.”

“ಬ್ಯಾಡ. ಇನ್ನ್ ತಿಂಗ್ಳ್ ತಿಂಗ್ಳ್ ಶಾಲಿ ಊಟ ತಪಾಸಣೆ ಮಾಡುದ್ ನೀವೇ ಅಲ್ದಾ? ನನ್ನ ಮದಿ ಆಯ್ರೆ ನಿಮ್ ರಿಪೋರ್ಟ್ ಯಾರ್ ನಂಬ್ತ್ರ್? ಸೀಸ ಇಲ್ಲೆ ಅಂತ ಬರ್ದ್ರೂ ಹೆಂಡ್ತಿ ತಪ್ಪ್ ಮುಚ್ಚುಕೆ ಬರ್ದದ್ ಅಂತ್ರ್. ಈಗ್ಳೇ ತಾಯಂದ್ರ್ ಹೆದ್ರಿ ಮನಿಂದ ಬುತ್ತಿ ಕಳ್ಸ್ತ್ರ್. ಬುತ್ತಿ ಇಲ್ದಿದ್ ಮಕ್ಕಳ್ ಎಂತ ಉಂಬುದ್?”

“ನಾನ್ ಬೇರೆ ಕಡಿಗ್ ವರ್ಗ ತಕಂತೆ.”

ಅವಳು ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲಿಲ್ಲ.

“ಆ ತಾಯಂದ್ರ್ ಎದ್ರಂಗ್ ಹೂ ಮುಡ್ಕಂಡ್ ನಿಲ್ಲುಕೆ ನಂಗ್ ಆತಿಲ್ಲೆ. ಪ್ರೀತಿ ಇಲ್ಲೆ ಅಂದ್ಕಣ್ಬೇಡಿ. ನಿಮ್ಮನ್ ಬಿಟ್ರೆ ನಂಗ್ ಬೇರೆ ಯಾರೂ ಬ್ಯಾಡ. ಹೋಯ್ನಿ.”

ಅವನಿಗೆ ಎದೆ ಒಡೆದಂತಾಯಿತು. ಜಗಲಿ ಇಳಿದು ಹೊರಟ.

ಮುಂದಿನ ತಿಂಗಳು ಹೊಸ ಪಾತ್ರೆಯ ಸಾಂಬಾರಿನ ವರದಿಯಲ್ಲಿ ಸೀಸ ಇರಲಿಲ್ಲ. ಸುಜನ್ ಅದನ್ನು ಶಾಲೆಯ ಗೋಡೆಗೆ ಅಂಟಿಸಿದ. ಒಬ್ಬ ತಾಯಿ ಕೆಳಗಿನ ಸಹಿಯವರೆಗೂ ಓದಿ, ಮಗಳನ್ನು ಊಟದ ಸಾಲಿಗೆ ಕಳಿಸಿದಳು. ಅವಳ ಹಿಂದೆ ಇನ್ನೊಬ್ಬಳು. ಈ ನಂಬಿಕೆ ಉಳಿಯಬೇಕಾದರೆ ಅಕ್ಷಯಾ ತನ್ನವಳಾಗುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೊನೆಯ ಮಗು ಉಂಡು ಏಳುವವರೆಗೆ ಅಲ್ಲೇ ನಿಂತಿದ್ದ.