ಹೋಗಿ ಬರ್ತೀನ್ರಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಗಡಿ ಸೇತುವೆಯ ನಾಲ್ಕನೇ ಗೇಟಿನಲ್ಲಿ ಕೆಂಪು ದೀಪ ಹತ್ತಿತು. ಗದಗಿನ ಭಾಗ್ಯಶ್ರೀ ಬಾರಕೇರ, ಗಂಡ ದುಡಿಯುತ್ತಿದ್ದ ಪರದೇಶ ಬಿಟ್ಟು ಹೊರಡದಂತೆ ತಡೆಯಲಾಯಿತು.

2058ರ ಆ ಚಳಿಗಾಲಕ್ಕೆ ಸಂಕಲ್ಪಮಾಪಕ ಗಡಿಗೆ ಬಂದು ಎರಡು ತಿಂಗಳಾಗಿತ್ತು. ಮಾತಾಡುವಾಗ ಗಂಟಲಿನ ಸ್ನಾಯುಗಳಲ್ಲಿ ಏಳುವ ಸೂಕ್ಷ್ಮ ಕಂಪನವನ್ನು ಅಳೆದು, ಮಾತಿನ ಹಿಂದಿನ ಉದ್ದೇಶ ನೂರಕ್ಕೆ ಎಷ್ಟೆಂದು ಅದು ಹೇಳುತ್ತಿತ್ತು. ವೀಸಾ ಮುಗಿದ ವಿದೇಶಿಯರು ತಾವು ಹೊರಡುತ್ತಿರುವುದನ್ನು ಮಾತೃಭಾಷೆಯಲ್ಲಿ ಹೇಳಬೇಕು. ಮರಳುವ ಉದ್ದೇಶ ಅರವತ್ತು ದಾಟಿದರೆ ನಿರ್ಗಮನದ ಮುದ್ರೆ ಇಲ್ಲ. ಅಂಥವರು ಬೇರೆ ದಾರಿಯಿಂದ ಮತ್ತೆ ಒಳನುಸುಳುತ್ತಾರೆಂಬುದು ಸರ್ಕಾರದ ಅನುಮಾನ.

ಭಾಗ್ಯಶ್ರೀ ಅಧಿಕಾರಿಗೆ ಕೈಮುಗಿದು, ಊರಲ್ಲಿ ಎಲ್ಲರೂ ಹೇಳುವಂತೆ, "ಹೋಗಿ ಬರ್ತೀನ್ರಿ" ಅಂದಿದ್ದಳು. ಯಂತ್ರ ತೊಂಬತ್ತೇಳು ತೋರಿಸಿತು.

ಅವಳ ಗಂಡ ಮುತ್ತುರಾಜ, ಹಡಗುಕಟ್ಟೆಯ ವೆಲ್ಡರ್, ಹದಿನೆಂಟು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಸೇತುವೆ ದಾಟಿ, ಪಕ್ಕದ ದೇಶದಲ್ಲಿ ಹೊಸ ವೀಸಾ ಪಡೆದು, ಮೂರು ದಿನದಲ್ಲಿ ಅವನ ಬಳಿ ಬರಬೇಕೆಂದು ಅವಳು ಹೊರಟಿದ್ದಳು. ಕಾನೂನು ಒಪ್ಪಿದ ದಾರಿಯೇ ಅದು. ಈಗ ಹೊರಹೋಗಲು ಮುದ್ರೆ ಇಲ್ಲ, ಒಳಹೋಗಲು ವೀಸಾ ಇಲ್ಲ. ವೀಸಾ ಸಂಖ್ಯೆಗೆ ಜೋಡಿಸಿದ್ದ ಬ್ಯಾಂಕ್ ಖಾತೆಯೂ ಮುಚ್ಚಿತ್ತು. ಅವಳನ್ನು ಇರಿಸಿದ್ದ ಗಡಿಯ ಕಾಯುವ ಕೊಠಡಿಯಲ್ಲಿ ಒಂದು ಕಪ್ ಚಹಾಕ್ಕೂ ಅವಳ ಕಾರ್ಡ್ ನಡೆಯಲಿಲ್ಲ.

ಮೂರನೇ ದಿನ ಯಂತ್ರದ ಸಂಶೋಧಕಿ ಡಾ. ಮಂದಾಕಿನಿ ಇಟಗಿ ಪರದೆಯ ಮೇಲೆ ಬಂದರು. ಹುಬ್ಬಳ್ಳಿಯವರು, ಯಂತ್ರಕ್ಕೆ ಕನ್ನಡ ಕಲಿಸಿದವರೂ ಅವರೇ.

"ಅದು ಮರ್ಯಾದಿ ಮಾತ್ರೀ ಅಕ್ಕಾರ," ಅಂದಳು ಭಾಗ್ಯಶ್ರೀ. "ಬರೇ 'ಹೋಗ್ತೀನಿ' ಅಂತ ಹ್ಯಾಂಗ ಅನ್ನೂದು? ನಿಮಗೂ ಗೊತ್ತೈತಲ್ಲ."

"ನನಗೂ ಗೊತ್ತೈತಿ, ಯಂತ್ರಕ್ಕೂ ಗೊತ್ತೈತಿ. ಬರೇ ಮರ್ಯಾದಿಗೆ ಅಂದಿದ್ರ ಹತ್ತು ದಾಟ್ತಿರಲಿಲ್ಲ. ನೀವು ಖರೇನ ಬರೋರ ಅದೀರಿ."

"ಗಂಡ ಇಲ್ಲಿದಾನ. ಬರದ ಏನ್ ಮಾಡ್ಲಿ?"

ಯಂತ್ರದಲ್ಲಿ ದೋಷವಿಲ್ಲವೆಂದು ಮಂದಾಕಿನಿ ವರದಿ ಬರೆದರು. ಮರುಪರೀಕ್ಷೆಗೆ ಅವಕಾಶವಿತ್ತು, "ಹೋಗ್ತೀನಿ" ಎಂದಷ್ಟೇ ಹೇಳಿ ನೋಡುವಂತೆ ಸಲಹೆ ಕೊಟ್ಟರು. ಮಲಗಿದವನಿಗೆ ಕೆಡುಕಾದೀತೆಂದು ಭಾಗ್ಯಶ್ರೀ ಎರಡು ದಿನ ಬಾಯಿ ಬಿಡಲಿಲ್ಲ. ಐದನೇ ದಿನ ಹೇಳಿದಳು. ಯಂತ್ರ ತೊಂಬತ್ತೆಂಟು ತೋರಿಸಿತು.

ಹನ್ನೊಂದನೇ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಸಂದೇಶ ಬಂತು. ಮುತ್ತುರಾಜ ತೀರಿಕೊಂಡಿದ್ದ. ಹಡಗುಕಟ್ಟೆಯವರು ಶವವನ್ನು ವಿಮಾನದಲ್ಲಿ ಊರಿಗೆ ಕಳಿಸುವ ಏರ್ಪಾಟು ಮಾಡಿದ್ದರು.

ಮರುದಿನ ಬೆಳಿಗ್ಗೆ ಭಾಗ್ಯಶ್ರೀಯನ್ನು ನಾಲ್ಕನೇ ಗೇಟಿಗೆ ಕರೆತಂದರು. ಅದೇ ಅಧಿಕಾರಿ ಇದ್ದ. ಅವಳು ರೂಢಿಯಂತೆ ಕೈಮುಗಿದಳು.

"ಹೋಗಿ ಬರ್ತೀನ್ರಿ."

ಯಂತ್ರ ನಾಲ್ಕು ತೋರಿಸಿತು. ಹಸಿರು ದೀಪ ಹತ್ತಿತು.

ಒಬ್ಬಳೇ ಹೆಂಗಸು, ಒಂದೇ ಮಾತು, ಎರಡು ಅಳತೆ, ಎರಡೂ ನಿಖರ: ಯಂತ್ರದ ದಕ್ಷತೆಗೆ ಉದಾಹರಣೆಯಾಗಿ ಇದು ಮಂದಾಕಿನಿಯವರ ವರದಿಗೆ ಸೇರಿತು. ಆ ತಿಂಗಳ ಕೊನೆಯಲ್ಲಿ ಸರ್ಕಾರ ಇನ್ನೂ ಹದಿನಾಲ್ಕು ಗೇಟುಗಳಿಗೆ ಸಂಕಲ್ಪಮಾಪಕ ಖರೀದಿಸಿತು.